ಬೊಂಡಾಸ್ ಹುರಿದ ದಿನ

ಗರ್ಟ್ರೂಡಳ ಗಂಡ ಕ್ಲೆಮೆಂಟ್ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆ ಮಾರಲು ಹೋಗಿ ವರ್ಷವಾಯಿತು. ಕಾಂಟನೀಸ್ ಮಾತಿನಲ್ಲಿ ಸತ್ತವರನ್ನು ಹಾಗೆ ಆಡಿಕೊಳ್ಳುತ್ತಾರಂತೆ. ಹೇಳಿಕೊಟ್ಟವನು ಅವನೇ. ಕೊಲ್ಲಿ ದೇಶದ ಶುವೈಖ್‌ನ ಗೋಡೌನಿನಲ್ಲಿ ಹಾಂಗ್‌ಕಾಂಗಿನ ಮ್ಯಾನೇಜರ್ ಫುಂಗ್ ಕೈಕೆಳಗೆ ಅಡಿಗೆಗಿದ್ದ. ಸಂಜೆ ಫರ್ವಾನಿಯಾದ ರೂಮಿಗೆ ಹುರಿದ ಮೀನಿನ ಜೊತೆ ಇಂಥ ಮಾತನ್ನೂ ಹೊತ್ತು ತರುತ್ತಿದ್ದ. ತನ್ನ ಕ್ಲಿನಿಕ್ಕಿನ ನರ್ಸ್ ಇಸಾಬೆಲ್ ಜೊತೆ ಅವನು ನಕ್ಕು ಮಾತಾಡಿದನೆಂದು ಅವಳು ಮುಖ ಊದಿಸಿದರೆ, "ಗರ್ಟಿ, ವಿನೆಗರ್ ತಿಂದಿಯಾ?" ಎನ್ನುತ್ತಿದ್ದ. ಹೊಟ್ಟೆಕಿಚ್ಚಾ ಅಂತ. ಅವರ ಮಾತಿನಲ್ಲಿ ಬೊಂಡಾಸ್, ಅದೇ ಸ್ಕ್ವಿಡ್, ಹುರಿಯುವುದು ಅಂದರೆ ಕೆಲಸದಿಂದ ಕಿತ್ತು ಹಾಕುವುದು.

"ಆ ಕಿಚನ್‌ನಲ್ಲಿ ನಾನಂತೂ ಬೊಂಡಾಸ್ ಮುಟ್ಟುವುದಿಲ್ಲಪ್ಪ!" ಎನ್ನುತ್ತಿದ್ದ ಕ್ಲೆಮೆಂಟ್.

ಅವನು ಹೋದ ಮೇಲೆ, ಕ್ಲಿನಿಕ್ಕಿನಲ್ಲಿ ನೆಲ ಒರೆಸುತ್ತಿದ್ದ ಅವಳಿಗೆ ಕಂಪನಿ ಅವನ ಸೌಟು ಕೊಟ್ಟಿತು. ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಮುಂದುವರಿಸುವುದು ಆಮೇಲೆ ನೋಡೋಣ ಎಂದರು. ಗಂಡನ ಮಾತನ್ನು ಬದುಕಿದ್ದಾಗ ಒಂದು ದಿನವೂ ಕೇಳಿದವಳಲ್ಲ, ಸತ್ತ ಮೇಲೆ ವರ್ಷವಿಡೀ ಬೊಂಡಾಸ್ ಮುಟ್ಟಲಿಲ್ಲ. ಭಾರೀ ಪತಿವ್ರತೆ!

ವರ್ಷದ ಪೂಜೆ ಬಂತು. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ನಾಲ್ಕು ಜನಕ್ಕೆ ಬಡಿಸಬೇಕು. ಇಗರ್ಜಿಗೆ ಹೋದಷ್ಟೇ ಮುಖ್ಯ ಅದು. ಕ್ಲೆಮೆಂಟನಿಗೆ ಇಷ್ಟ ಬೊಂಡಾಸ್. ಕೋಳಿ ಇಷ್ಟಪಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು? ರೂಮಿನಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಅವಳಿಗೆ ನಾಲ್ಕು ಜನ ಅಂತ ಇದ್ದದ್ದೂ ಗೋಡೌನಿನವರೇ.

ಇಕಾಮಾ ಹೋದರೆ ಹೋಗಲಿ ಎಂದು ಹುರಿದಳು. ಬಾಯಿಗೆ ಧೈರ್ಯ, ಕೈಗೆ ಇಲ್ಲ. ಬಾಣಲೆಗೆ ಮೆಣಸಿನ ಪುಡಿ ರಾಶಿ ಸುರಿದುಹೋಯಿತು.

ಫುಂಗ್ ತಟ್ಟೆ ನೋಡಿ ನಕ್ಕ. ಹರಕು ಹಿಂದಿಯಲ್ಲಿ ಕೇಳಿದ: "ಏನು ಮೇಡಂ, ನನ್ನನ್ನೇ ಕೆಲಸದಿಂದ ತೆಗೀತೀರಾ?"

ಅವಳಿಗೆ ನಗು ಬರಲಿಲ್ಲ. "ಕ್ಲೆಮೆಂಟಿಗೆ ಇವತ್ತು ವರ್ಷ, ಸಾರ್. ಅವರಿಗೆ ಇದು ಇಷ್ಟ. ನನ್ನ ಇಕಾಮಾ ಖಲಾಸಾ?"

ಫುಂಗ್ ಪಕ್ಕದಲ್ಲಿ ಉಣ್ಣುತ್ತಿದ್ದ ಉಳ್ಳಾಲದ ಕ್ಲರ್ಕ್ ಅಝರುದ್ದೀನನ ಕಡೆ ತಿರುಗಿದ.

"ಎಂಥ ಬಾಯಮ್ಮ! ನಿಮ್ಮ ಇಕಾಮಾ ರಿನ್ಯೂ ಆಗಿ ಎಷ್ಟು ಸಮಯ ಆಯ್ತು ಮಾರಾಯ್ರೆ! ಮೊಬೈಲಿಗೆ ಮೆಸೇಜ್ ಹಾಕಿದ್ದೆ. ನೋಡ್ಲಿಲ್ವಾ?" ಎಂದ ಅಝರುದ್ದೀನ್.

"ಮೆಸೇಜ್ ಎಲ್ಲ ಕ್ಲೆಮೆಂಟೇ ನೋಡುವುದು," ಎಂದಳು ಗರ್ಟ್ರೂಡ್.

ಹೇಳಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿತು. ಫುಂಗ್ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು. ಖಾರ ಅಷ್ಟಿತ್ತು. ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳೂ ಒಂದು ತುಂಡು ತಿಂದು ಅವರ ಜೊತೆ ಸೇರಿಕೊಂಡಳು. ಅಳಲು ಇಂಥ ಅವಕಾಶ ಇನ್ನೊಮ್ಮೆ ಸಿಗುತ್ತದೆಯೇ?

"ಬಾಯಮ್ಮ," ಎಂದ ಅಝರುದ್ದೀನ್ ಉಸ್ಸೆನ್ನುತ್ತ, "ಮೊಸರು ಉಂಟಾ?"