ಮೂರನೆಯ ದನಿ

ರೆಕಾರ್ಡ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಅಚ್ಚಿನಿಂದ ಬಿಸಿಬಿಸಿಯಾಗಿ ಬರುವ ನೂರು ರೆಕಾರ್ಡಿಗೆ ಒಂದನ್ನು ಎತ್ತಿಕೊಂಡು, ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತು, ಮೊದಲಿನಿಂದ ಕೊನೆಯವರೆಗೆ ಕೇಳುವುದು ಅವಳ ಕೆಲಸ. ಎಲ್ಲಾದರೂ ಚಟಪಟ ಸದ್ದು ಬಂದರೆ ಚೀಟಿಯಲ್ಲಿ ಗುರುತು ಹಾಕಬೇಕು. ಹೀಗೇ ಹತ್ತೊಂಬತ್ತು ವರ್ಷ ಕಳೆದಿದ್ದವು. ಸಮುದ್ರದಾಚೆಯ ಎಷ್ಟೋ ದೇಶಗಳ ಪಾಪ್ ತಂಡಗಳು ಅವಳ ಕಿವಿಯಲ್ಲಿ ಹಾಡಿ ಹೋಗಿದ್ದವು. ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಆದರೆ ಯಾರು ಎಲ್ಲಿ ಉಸಿರು ಎಳೆಯುತ್ತಾರೆ, ಯಾರ ಗಿಟಾರು ಅರೆಕ್ಷಣ ಮುಂದೋಡುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಅಚ್ಚಿನ ಮುಂದೆ ನಿಂತವರಿಗೆ ಯಂತ್ರದ ಗದ್ದಲದಲ್ಲಿ ಹಾಡೇ ಕೇಳುತ್ತಿರಲಿಲ್ಲ. ಫೋನಿನಲ್ಲಿ ತಂಗಿಗೆ ಹೇಳಹೋದರೆ, ದಿನವಿಡೀ ಹಾಡು ಕೇಳುವ ಪುಣ್ಯ ಯಾರಿಗುಂಟು ಎಂದು ನಕ್ಕು, ಅವಳು ಮಕ್ಕಳ ಪರೀಕ್ಷೆಯ ಮಾತಿಗಿಳಿಯುತ್ತಿದ್ದಳು. ಬಾಡಿಗೆ ಕೋಣೆಗೆ ಮರಳಿದರೆ ಒಂದು ಸ್ಟವ್ವು, ಒಂದು ತಟ್ಟೆ, ಒಂದು ಲೋಟ.

ಆ ತಂಡಗಳಲ್ಲಿ ಮೂವರು ಅಕ್ಕತಂಗಿಯರದೊಂದಿತ್ತು. ಮೊದಲ ನಾಲ್ಕು ರೆಕಾರ್ಡುಗಳನ್ನೂ ಕೇಳಿ ಕಳಿಸಿದವಳು ಇವಳೇ. ಕಿರಿಯವಳ ದನಿ ತೆಳು, ಸಾಲಿನ ತುದಿಯಲ್ಲಿ ಕೊಂಚ ಒರಟು. ಐದನೆಯದು ಬಂದಾಗ ಕಿವಿಯಕ್ಕ ಮೊದಲ ಹಾಡಿಗೇ ಮುಳ್ಳನ್ನು ಎತ್ತಿಟ್ಟಳು. ದನಿಗಳು ಮೂರೇ ಇದ್ದವು, ಆದರೆ ಕಿರಿಯವಳಿರಲಿಲ್ಲ. ಅವಳ ಪಾಲನ್ನೂ ಹಿರಿಯವಳೇ ಬೇರೆಯಾಗಿ ಹಾಡಿ ಸೇರಿಸಿದ್ದಳು. ಕವರಿನ ಮೇಲೆ ಮೂರು ಮುಖಗಳೂ ನಗುತ್ತಿದ್ದವು.

ಮೇಸ್ತ್ರಿಗೆ ಹೇಳಿದಳು. ಅವನು ಚೂರು ಕೇಳಿ, "ಚಟಪಟ ಏನಾದ್ರೂ ಇದೆಯಾ?" ಎಂದ. ಇಲ್ಲವೆಂದಳು.

"ಹಾಗಾದ್ರೆ ಪಾಸ್ ಮಾಡಮ್ಮ."

ಪಾಸ್ ಮಾಡಿದಳು. ಆ ವಾರ ದಿನವೂ ಆ ಕವರನ್ನು ತೆಗೆದು ನೋಡಿದಳು. ಕವರಿನಲ್ಲಷ್ಟೇ ಕಂಡ ಹುಡುಗಿಗಾಗಿ ಇಷ್ಟು ಕಂಗೆಡುವುದು ತನಗೇ ವಿಚಿತ್ರವೆನಿಸಿತು. ಕೊನೆಗೆ, ಆ ಭಾಷೆ ಬಲ್ಲ ಆಫೀಸಿನ ಟೈಪಿಸ್ಟನ ಬಳಿ ಹೋಗಿ, ಕವರಿನ ಹಿಂದಿದ್ದ ವಿಳಾಸಕ್ಕೆ ಎರಡು ಸಾಲು ಬರೆಸಿದಳು: ಈ ಸಲ ಚಿಕ್ಕವರು ಹಾಡಿಲ್ಲ. ಅವರು ಆರೋಗ್ಯವಾಗಿದ್ದಾರೆಯೇ?

ಐದು ತಿಂಗಳ ಮೇಲೆ ಉತ್ತರ ಬಂತು. ಬರೆದವಳು ಹಿರಿಯವಳು, ಅದೂ ಸ್ವಂತ ಕೈಬರಹದಲ್ಲಿ. ತಂಗಿ ಜಗಳವಾಡಿ ಮನೆ ಬಿಟ್ಟು ಎರಡು ವರ್ಷವಾಯಿತು, ಎಲ್ಲಿದ್ದಾಳೋ ತಿಳಿಯದು, ಹೊರಗೆ ಯಾರಿಗೂ ಬಾಯಿಬಿಡಕೂಡದೆಂದು ಕಂಪನಿಯವರ ಕಟ್ಟಪ್ಪಣೆ ಎಂದಿತ್ತು.

ಟೈಪಿಸ್ಟ್ ಕೊನೆಯ ಸಾಲನ್ನು ಎರಡು ಸಲ ಓದಿಕೊಂಡ. "ಇಷ್ಟು ದಿನದಲ್ಲಿ ಅವಳನ್ನ ವಿಚಾರಿಸಿದವರು ನೀವೊಬ್ರೇ ಅಂತ ಬರ್ದಿದಾರೆ ಅಕ್ಕಾ. ಏನಂತ ಉತ್ತರ ಬರೀಲಿ?"

ಕಿವಿಯಕ್ಕ ಪತ್ರವನ್ನು ಅವನಿಂದ ತೆಗೆದುಕೊಂಡು ಮಡಿಸಿದಳು.

"ಆ ದನಿ ನಂಗೆ ಚೆನ್ನಾಗಿ ನೆನಪಿದೆ ಅಂತ ಬರಿಯಪ್ಪ. ಅವರು ಎಲ್ಲಾದ್ರೂ ಹಾಡಿದ್ರೆ ನಂಗೆ ಗೊತ್ತಾಗುತ್ತೆ."

ಆ ಪತ್ರಕ್ಕೆ ಉತ್ತರ ಬರಲಿಲ್ಲ. ಅಕ್ಕತಂಗಿಯರ ಆರನೆಯ ರೆಕಾರ್ಡೂ ಬರಲಿಲ್ಲ. ಕಿವಿಯಕ್ಕ ಮುಂದೆ ಏಳು ವರ್ಷ ಅದೇ ಕೋಣೆಯಲ್ಲಿ ಕೂತಳು. ಯಾವ ದೇಶದ ತಂಡವೇ ಬರಲಿ, ಮುಖ್ಯ ಗಾಯಕರನ್ನು ಬಿಟ್ಟು ಹಿಂದೆ ಗುಂಪಿನಲ್ಲಿ ಹಾಡುವವರ ದನಿಗಳನ್ನು ಒಂದೊಂದಾಗಿ ಬಿಡಿಸಿ ಕೇಳುತ್ತಿದ್ದಳು. ಎರಡು ಸಲ ಆ ಕಿರಿಯವಳೇ ಇರಬೇಕೆನಿಸಿತು. ಮತ್ತೆ ಮತ್ತೆ ಹಾಕಿ ಕೇಳಿದಳು. ಎರಡು ಸಲವೂ ಅದು ಬೇರೆ ಯಾರೋ.