ಬಿಸಪ್ಪನ ನೀರು

ಮಿರಜಿಗೆ ಬಂದ ಮಾರನೆಯ ಬೆಳಿಗ್ಗೆ, ಇನ್ನೂ ಸೂಟ್‌ಕೇಸ್ ಬಿಚ್ಚಿರಲಿಲ್ಲ, ಮಹಡಿಯ ಮೇಲಿಂದ ಒಂದು ಹೆಣ್ಣುದನಿ ಕೂಗಿತು: "ನಳ ಬಂತ್ರೀ! ಲಗೂ ಏಳ್ರಿ, ನಳ ಬಂತು!" ನಾನು ಗಾಬರಿಯಾಗಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಯಾವ ನಳ? ದಮಯಂತಿಯ ಗಂಡನೇ? ಮಗಳು ವೀಣಾ ಬಕೆಟ್ ಹಿಡಿದು ಓಡುತ್ತ, "ಅಮ್ಮಾ, ನಳ ಅಂದ್ರೆ ಟ್ಯಾಪ್. ನೀರು ಬಿಟ್ಟಿದ್ದಾರೆ" ಅಂದಳು. ಮೈಸೂರಿನಲ್ಲಿ ನಮಗೆ ನೀರು ಬರುತ್ತಿತ್ತು. ಇಲ್ಲಿ ನಲ್ಲಿಯೇ ಬರುತ್ತದೆ.

ಕೂಗಿದವರು ನಮ್ಮ ಮನೆಯ ಒಡತಿ, ಪದ್ಮಾ ವೈನಿ. ವೈನಿ ಅಂದರೆ ಮರಾಠಿಯಲ್ಲಿ ಅತ್ತಿಗೆ. ಇಡೀ ಗಲ್ಲಿಗೇ ಅವರು ಅತ್ತಿಗೆ. ಕನ್ನಡದ ಜೈನರು. ತಲೆಮಾರುಗಳಿಂದ ಇಲ್ಲೇ ಇದ್ದಾರೆ. ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಆದರೆ ಅದು ನನ್ನ ಕನ್ನಡವಲ್ಲ. ನಾನು ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿದವಳು ಎಂದು ಗೊತ್ತಾದ ದಿನದಿಂದ ನನ್ನನ್ನು "ಅಕ್ಕಾರ" ಎನ್ನುತ್ತಾರೆ, ಈ ಕಡೆ ಟೀಚರಮ್ಮಂದಿರನ್ನು ಕರೆಯುವ ಹಾಗೆ. ನಾನು "ಹೇಗಿದ್ದೀರಿ?" ಅಂದರೆ ಅವರ ಮೊಮ್ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತವೆ. ಅವರಿಗೆ ನಾನು ಟೀವಿಯ ಸೀರಿಯಲ್ ಹೆಂಗಸಿನಂತೆ ಕೇಳಿಸುತ್ತೇನಂತೆ.

ವೀಣಾ ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ ಸರ್ಜರಿ ಆದ ಮೇಲೆ ನನ್ನನ್ನು ಕರೆದುಕೊಂಡು ಬಂದಳು. ಬೆಳಿಗ್ಗೆ ಹೋದರೆ ಸಂಜೆಯೇ ಅವಳ ಮುಖ. ಊಟವನ್ನೂ ಹೊಸದಾಗಿ ಕಲಿಯಬೇಕಾಯಿತು. ನಮ್ಮಲ್ಲಿ ಸಾರಿಗೂ ಒಂದು ಚೂರು ಬೆಲ್ಲ ಬೀಳಬೇಕು. ಇಲ್ಲಿ ಕಾಂದಾ-ಲಸೂಣ ಚಟ್ನಿ, ಅಂದರೆ ಈರುಳ್ಳಿ ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಖಾರ, ಬೀಳದ ಪಲ್ಯವಿಲ್ಲ. ಮೊದಲ ತಿಂಗಳು ನಾನು ಮೊಸರನ್ನದ ಮೇಲೆಯೇ ಬದುಕಿದೆ.

ನಾನು ಮಂಕಾಗಿದ್ದೇನೆಂದು ವೀಣಾ ಒಂದು ಸಂಜೆ ಗಾಜಿನ ತೊಟ್ಟಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಒಳಗೆ ಒಂದೇ ಒಂದು ಬೆಟ್ಟಾ ಮೀನು. ಕಡುಗೆಂಪು, ನಿಲುವಂಗಿಯ ಹಾಗೆ ಹಿಂದೆ ಹರಡಿಕೊಂಡ ಬಾಲ. ಥೇಟ್ ನಮ್ಮ ಸ್ಕೂಲಿಗೆ ಆನ್ಯುಯಲ್ ಡೇಗೆ ಬರುತ್ತಿದ್ದ ಬಿಷಪ್! ಅದೇ ಹೆಸರಿಟ್ಟೆ. ಇನ್ನೊಂದು ಮೀನು ಪಕ್ಕದಲ್ಲಿದ್ದರೆ ಕಾದಾಡಿ ಸಾಯುತ್ತದಂತೆ, ಒಂಟಿಯಾಗಿಯೇ ಇರಬೇಕಂತೆ. ಆಗಾಗ ಮೇಲೆ ಬಂದು ಬಾಯಿಂದ ಗಾಳಿ ಕುಡಿದು ಹೋಗುತ್ತದೆ.

ವೈನಿ ನೋಡಲು ಬಂದರು. "ಏನಂತ ಹೆಸರಿಟ್ಟೀರಿ?"

"ಬಿಷಪ್."

"ಬಿಸಪ್ಪ? ಚಲೋ ಆತು ಬಿಡ್ರಿ, ನಮ್ಮ ಕಡೇ ಹೆಸರs ಇಟ್ಟೀರಿ." ತಿದ್ದಲು ಹೋದೆ, ಆಗಲಿಲ್ಲ. ಆಮೇಲೆ ಅವರು ಮೀನಿನ ಆಹಾರದ ಡಬ್ಬಿ ಎತ್ತಿ ನೋಡಿದರು. ಕಾಳಿನಂಥ ಉಂಡೆಗಳೇ, ಆದರೆ ಮೇಲೆ ಹುಳುವಿನ ಚಿತ್ರ. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, "ಅಡಗಿಮನಿಯಾಗ ಒಯ್ಯಬ್ಯಾಡ್ರಿ ಅಕ್ಕಾರ, ಇಷ್ಟs ನನ್ನ ಮಾತು" ಎಂದು ಮೇಲೆ ಹೋದರು. ಅಂದಿನಿಂದ ಬಾಗಿಲಲ್ಲೇ ನಿಂತು ಮಾತಾಡುವರು, ಒಳಗೆ ಬರುತ್ತಿರಲಿಲ್ಲ. ಬಾಡಿಗೆ ಮನೆ. ಒಂದು ಮೀನಿನಿಂದ ಮಗಳಿಗೆ ಮನೆ ತಪ್ಪೀತೇ ಎಂಬ ಆತಂಕ ನನಗೆ ಶುರುವಾಯಿತು.

ಅದಕ್ಕಿಂತ ದೊಡ್ಡ ಆತಂಕ ಚಳಿ ಬಿದ್ದ ಮೇಲೆ ಬಂತು. ಬಿಷಪ್ ಉಣ್ಣುವುದನ್ನು ಬಿಟ್ಟ. ನಿಲುವಂಗಿ ಮುದುಡಿಕೊಂಡು ತಳದಲ್ಲಿ ಕುಳಿತುಬಿಟ್ಟ. ಹಗಲೆಲ್ಲ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಅವನೊಬ್ಬನ ಜೊತೆ, ಅರ್ಧ ಮೈಸೂರು ಕನ್ನಡ, ಅರ್ಧ ಇಂಗ್ಲಿಷ್. ಅವನೂ ಹೋದರೆ ಈ ಊರಿನಲ್ಲಿ ನಾನು ಮಾತಾಡುವುದಾದರೂ ಯಾರ ಹತ್ತಿರ? ಯೂಟ್ಯೂಬ್ ನೋಡಿದಷ್ಟೂ ರೋಗಗಳು ಹೆಚ್ಚಾದವು.

ಕೊನೆಗೆ ಧೈರ್ಯ ಮಾಡಿ, ಊರುಗೋಲು ಹಿಡಿದು, ಒಬ್ಬಳೇ ಬಸ್ ಹತ್ತಿ ಸಾಂಗ್ಲಿಗೆ ಹೋದೆ. ಮೀನಿನ ಅಂಗಡಿಯವನು ಬೇರೆ ಗಿರಾಕಿಗಳ ನಡುವೆ ನನ್ನ ಮುರುಕು ಹಿಂದಿಯನ್ನು ಕೇಳಿಸಿಕೊಂಡು, ಮರಾಠಿಯಲ್ಲಿ, "ಚಿಮೂಟಭರ ಮೀಠ ಟಾಕಾ, ಬರಾ ಹೋಈಲ" ಅಂದ. ಒಂದು ಚಿಟಿಕೆ ಮೀಠ ಹಾಕಿ, ಹುಷಾರಾಗುತ್ತಾನೆ! ಪೂರ್ತಿ ಅರ್ಥವಾಯಿತು. ಮೀಠಾ ಅಂದರೆ ಸಿಹಿ, ಸ್ಕೂಲಿನ ಹಿಂದಿಯಲ್ಲೇ ಕಲಿತಿದ್ದೆನಲ್ಲ. ಖಾತ್ರಿಗೆ "ಮೀಠಾ?" ಎಂದೆ. "ಹೋ ಹೋ, ಮೀಠ" ಎಂದು ತಲೆಯಾಡಿಸಿದ. ವಾಪಸು ಬಸ್ಸಿನಲ್ಲಿ ನಾನು ಜಂಬದಿಂದ ಕುಳಿತಿದ್ದೆ. ನಿಶ್ಶಕ್ತಿಯಾದವರಿಗೆ ಗ್ಲೂಕೋಸ್ ಕೊಡುವುದಿಲ್ಲವೇ? ವೆರಿ ಲಾಜಿಕಲ್. ಚಿಟಿಕೆ ಯಾಕೋ ಜಿಪುಣತನವೆನಿಸಿ, ಒಂದು ಚಮಚ ತುಂಬ ಸಕ್ಕರೆ ಹಾಕಿ ಕದಡಿದೆ.

ಮರುದಿನ ನೀರು ಗಂಜಿಯ ಹಾಗೆ ಬೆಳ್ಳಗಾಗಿತ್ತು. ಹುಳಿ ವಾಸನೆ. ಬಿಷಪ್ ನೀರಿನ ಮೇಲ್ಮೈಗೆ ಬಂದು ಒಂದು ಪಕ್ಕಕ್ಕೆ ವಾಲಿಕೊಂಡು ಬಾಯಿ ತೆರೆದು ಮುಚ್ಚುತ್ತಿದ್ದ. ವೀಣಾಳ ಫೋನ್ ರಿಂಗ್ ಆಗಿ ಆಗಿ ನಿಂತಿತು. ಮಂಡಿ ಮರೆತು ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದೆ, "ವೈನೀ! ವೈನೀ!"

ಅವರು ಹಿಟ್ಟು ಹತ್ತಿದ ಕೈಯಲ್ಲೇ ಇಳಿದು ಬಂದರು, ಹೊಸ್ತಿಲಲ್ಲಿ ನಿಲ್ಲದೆ ಸೀದಾ ಮೇಜಿನ ತನಕ. "ಏನ ಹಾಕೀರಿ ಇದಕ್ಕ?"

"ಅಂಗಡಿಯವನೇ ಹೇಳಿದ. ಮೀಠ ಹಾಕಿ ಅಂತ. ಸಕ್ಕರೆ..."

ಅವರು ನನ್ನ ಮುಖವನ್ನೇ ನೋಡಿದರು. "ಅಯ್ಯ ನಮ್ಮವ್ವಾ! ಮೀಠ ಅಂದ್ರ ಉಪ್ಪರೀ! ಮರಾಠಿಯಾಗ ಉಪ್ಪಿಗೆ ಮೀಠ ಅಂತಾರು. ಬಿಸಪ್ಪಗ ಪಾಯಸಾ ಮಾಡಿ ಇಟ್ಟೀರಲ್ರಿ!" ನಗು ಬಂದರೂ ಅದುಮಿಕೊಂಡು ತೊಟ್ಟಿಯತ್ತ ಬಗ್ಗಿದರು.

ನೀರು ಬದಲಿಸಬೇಕಿತ್ತು, ತಕ್ಷಣ. ಆದರೆ ನಲ್ಲಿಯ ನೀರಿಗೆ ಬ್ಲೀಚಿಂಗ್ ವಾಸನೆ; ಹಾಗೇ ಹಾಕಿದರೆ ಇರುವ ಜೀವವೂ ಹೋದೀತು. ಒಂದು ದಿನ ಇಟ್ಟ ನೀರಾದರೆ ಆ ವಾಸನೆ ಹೋಗಿರುತ್ತದೆ, ಆದರೆ ನಾನು ಒಂದು ಹನಿಯನ್ನೂ ಹಿಡಿದಿಟ್ಟಿರಲಿಲ್ಲ. ವೈನಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಮೇಲೆ ಹೋಗಿ, ಹಿಂದಿನ ದಿನ ಬಟ್ಟೆಯಲ್ಲಿ ಸೋಸಿ ಇಟ್ಟ ಕುಡಿಯುವ ನೀರಿನ ಕೊಡವನ್ನೇ ಸೊಂಟದ ಮೇಲಿಟ್ಟುಕೊಂಡು ಬಂದರು. ಅವರ ಮನೆಯಲ್ಲಿ ಸೋಸದೆ ಒಂದು ತೊಟ್ಟನ್ನೂ ಕುಡಿಯುವುದಿಲ್ಲ. ಕಣ್ಣಿಗೆ ಕಾಣದ ಜೀವವೂ ಸಾಯಬಾರದೆಂದು.

"ತಾಮ್ರದ್ದಾ ಕೊಡ? ತಾಮ್ರ ಮೀನಿಗೆ ವಿಷವಂತೆ," ಎಂದೆ. ಆ ಹೊತ್ತಿನಲ್ಲೂ ನನ್ನ ಯೂಟ್ಯೂಬ್!

"ಸ್ಟೀಲಿಂದು. ಹಿಡೀರಿ ಸುಮ್ಕ."

"ವೈನಿ, ಇದು ಹುಳು ತಿನ್ನೋ ಮೀನು. ನಿಮ್ಮ ಕುಡಿಯೋ ನೀರು..."

"ತಿನ್ನೂದು ಅದರ ಕರ್ಮ. ನೀರ ಕೊಡದs ನಿಂತ್ರ ಅದು ನಂದು."

ಚಹಾದ ಲೋಟದಲ್ಲಿ ಹಳೆಯ ನೀರನ್ನು ತೆಗೆದದ್ದು, ಹೊಸತನ್ನು ಗಾಜಿನ ಗೋಡೆಗುಂಟ ನಿಧಾನ ಬಿಟ್ಟದ್ದು, ಮತ್ತೆ ತೆಗೆದದ್ದು. ಕೊಡ ಖಾಲಿಯಾಗುವವರೆಗೂ ಇಬ್ಬರು ಮುದುಕಿಯರು ದುಡಿದೆವು. ವಾಲಿದ್ದವನು ನೆಟ್ಟಗಾದ. ಅಷ್ಟೇ. ಹಲವು ದಿನ ಏನನ್ನೂ ತಿನ್ನಲಿಲ್ಲ. ನಿಲುವಂಗಿಯ ಅಂಚು ಹರಿದು ಚಿಂದಿಯಾಯಿತು. ಒಂದು ಮಧ್ಯಾಹ್ನ ಬಂದು ಒಂದು ಕಾಳನ್ನು ಕಚ್ಚಿ, ಉಗುಳಿ, ಮತ್ತೆ ಕಚ್ಚಿದ. ನಾನು ಅತ್ತುಬಿಟ್ಟೆ. ಹೌ ಸಿಲ್ಲಿ.

ಮೊನ್ನೆ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಮೈಸೂರಿಗೆ ಹೊರಟಾಗ ಹೊಸ ಚಿಂತೆ: ಇವನಿಗೆ ಊಟ ಹಾಕುವವರು ಯಾರು? ವೀಣಾಳಿಗೆ ಡ್ಯೂಟಿಯ ಗಡಿಬಿಡಿಯಲ್ಲಿ ನೆನಪಿರುವುದಿಲ್ಲ. ವೈನಿ ಆ ಡಬ್ಬಿ ಮುಟ್ಟರು. ನಾನು ಬಾಯಿಬಿಡುವ ಮೊದಲೇ ಅವರೆಂದರು: "ನೀರ ನಾ ನೋಡಕೋತೀನಿ. ಉಣ್ಣೂದು ನಾಕ ದಿನಾ ಬ್ಯಾಡ. ಉಪಾಸಾ ಮಾಡ್ಲಿ ಬಿಡ್ರಿ, ಪುಣ್ಯಾ ಬರ್ತೈತಿ." ಯೂಟ್ಯೂಬೂ ಹಾಗೇ ಹೇಳುತ್ತದೆ, ಆರೋಗ್ಯವಾಗಿರುವ ಬೆಟ್ಟಾ ನಾಲ್ಕು ದಿನ ತಡೆಯುತ್ತದೆ. ಆದರೂ ರೈಲಿನುದ್ದಕ್ಕೂ ನನಗೆ ನಿದ್ದೆಯಿಲ್ಲ.

ಮೈಸೂರಿನಲ್ಲಿ ತಂಗಿಯ ಮನೆ ತುಂಬ ಜನ, ಬೆಲ್ಲ ಹಾಕಿದ ಸಾರು, ನನ್ನ ಕನ್ನಡ. ಎಲ್ಲ ಬೇಕಾದದ್ದೇ. ಊಟದ ನಡುವೆ ಫೋನ್ ಬಂತು, ನಾನು ಎಲೆಯ ಮುಂದಿನಿಂದ ಎದ್ದೇಬಿಟ್ಟೆ.

"ಎಲ್ಲಿಂದೇ, ಅಷ್ಟು ಗಾಬರಿ?" ಅಂದಳು ತಂಗಿ.

"ಮನೆಯಿಂದ."

ಅವಳು ಸಾರಿನ ಸೌಟು ಹಿಡಿದು ಹಾಗೇ ನಿಂತಳು. "ಹಾಗಾದ್ರೆ ಇದು?"

ಉತ್ತರ ಕೊಡೋಣವೆಂದರೆ ಫೋನಿನಲ್ಲಿ ವೈನಿ ಕೂಗುತ್ತಿದ್ದರು, ಬಿಸಪ್ಪ ಈಗಷ್ಟೇ ಮೇಲೆ ಬಂದು ಗಾಳಿ ಕುಡಿದು ಹೋದ ಎಂದು. ಬಲಗೈಯ ಅನ್ನ ಒಣಗುವವರೆಗೂ ನಾನು ಫೋನನ್ನು ಕಿವಿಗೊತ್ತಿಕೊಂಡು ಕೇಳುತ್ತ ನಿಂತಿದ್ದೆ.