ಇಂಜಿನ್ ಇಳಿಸಿದ ದಿನ

ನಾನು ಲಾರಿ ಮೆಕ್ಯಾನಿಕ್. ಈಗ ಹಾಗೆ ಹೇಳಿಕೊಳ್ಳುವುದಕ್ಕೂ ಮನಸ್ಸು ಬರುವುದಿಲ್ಲ. ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯಿಂದ ಎರಡು ತಿರುವು ಒಳಗೆ, ಒಂದು ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಹೊಸ ಲಾರಿಗಳೆಲ್ಲ ಕಂಪನಿ ಸರ್ವಿಸ್‌ಗೇ ಹೋಗುವ ಕಾಲ ಬಂದ ಮೇಲೆ ನನ್ನ ಹತ್ತಿರ ಬರುತ್ತಿದ್ದುದು ನೀರಿನ ಟ್ಯಾಂಕರ್‌ಗಳು ಮಾತ್ರ. ಆಮೇಲೆ ಅವೂ ಕಡಿಮೆಯಾದವು. ಬೆಳಗ್ಗೆ ಸ್ಪ್ಯಾನರ್‌ಗಳನ್ನು ಒರೆಸಿ ಜೋಡಿಸಿಟ್ಟು, ಮಧ್ಯಾಹ್ನ ಬೇರೇನೂ ಇಲ್ಲದೆ ಮತ್ತೆ ಅವನ್ನೇ ಒರೆಸುತ್ತಿದ್ದ ದಿನಗಳು ಅವು.

ಅಂಥ ಹೊತ್ತಿನಲ್ಲಿ ಆ ಲಾರಿ ಬಂತು. ಕ್ರೇನಿಗೆ ಕಟ್ಟಿ ಎಳೆದು ತಂದರು. ಉದ್ದ ಮೂತಿಯ, ಹಳೇ ಕಾಲದ ಲಾರಿ. ಜೆ.ಪಿ. ನಗರದ ಒಂದು ಖಾಲಿ ಸೈಟಿನಲ್ಲಿ ಹೊಂಗೆ ಮರದ ಕೆಳಗೆ ಮೂವತ್ತು ವರ್ಷದಿಂದ ನಿಂತಿತ್ತಂತೆ. ಟೈರುಗಳು ಕರಗಿ ಮಣ್ಣಿಗೆ ಅಂಟಿದ್ದವು. ಬಾನೆಟ್ಟಿನ ಒಳಗೆ ಬೆಕ್ಕು ಮರಿ ಹಾಕಿದ ಗುರುತಿತ್ತು. ಸೈಟಿನಲ್ಲಿ ಕಟ್ಟಡ ಶುರುವಾಗುವುದಿತ್ತು, ಅದಕ್ಕೇ ಲಾರಿಯನ್ನು ಎಬ್ಬಿಸಿದ್ದರು.

ಮಾಲೀಕರಿಗೆ ನಲವತ್ತೈದರ ಆಸುಪಾಸು. ಅವರ ತಂದೆ ರಾಗಿ ಬೆಳೆಯುತ್ತಿದ್ದವರು. ಹೊಲಗಳು ಬಡಾವಣೆಯಾಗತೊಡಗಿದಾಗ ಈ ಲಾರಿ ಕೊಂಡು ಮನೆ ಕಟ್ಟುವವರಿಗೆ ಕಲ್ಲು, ಮರಳು ಹೊಡೆಸಿದ್ದರು.

"ಮೇಸ್ತ್ರಿ, ಶೋರೂಮಿಂದ ಬಂದ ದಿನ ಹೆಂಗಿತ್ತೋ ಹಂಗೇ ಆಗ್ಬೇಕು. ಎಷ್ಟು ದಿನ ಬೇಕಾದ್ರೂ ತಗೊಳ್ಳಿ," ಅಂದರು ಮಾಲೀಕರು.

"ಅವತ್ತು ಹೆಂಗಿತ್ತು ಅಂತ ನಂಗೇನ್ ಗೊತ್ತು ಸಾರ್?"

"ನಮ್ಮಪ್ಪನ ಡ್ರೈವರ್ ಇದಾರೆ. ಕತ್ರಿಗುಪ್ಪೇಲಿ, ಮಗಳ ಮನೇಲಿ. ಅವರನ್ನ ಕೇಳಿ."

ಫೋನ್ ಮಾಡಿದೆ. ಮರುದಿನವೇ ಬಸ್ಸು ಹತ್ತಿ ಬಂದರು. ಎಪ್ಪತ್ತೆಂಟು ವರ್ಷದ ಸಣಕಲು ಮುದುಕರು, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಒಂದು ಬಟ್ಟೆ ಚೀಲ. ನನ್ನನ್ನು ನೋಡಲೇ ಇಲ್ಲ. ನೇರವಾಗಿ ಲಾರಿಯ ಹತ್ತಿರ ಹೋಗಿ ಹೆಡ್‌ಲೈಟಿನ ಖಾಲಿ ಗೂಡಿನೊಳಕ್ಕೆ ಕೈ ಹಾಕಿ, ಸ್ವಲ್ಪ ಹೊತ್ತು ಹಾಗೇ ನಿಂತರು. ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದ್ದವರು.

"ಇದನ್ನ ಓಡೋ ಹಂಗೆ ಮಾಡ್ತೀಯೇನಪ್ಪಾ?" ಅಂದರು.

"ಮಾಡ್ತೀನಿ ಯಜಮಾನ್ರೇ."

ಆ ಮಾತನ್ನು ಧೈರ್ಯದಿಂದಲೇ ಹೇಳಿದ್ದೆ. ಹದಿನಾಲ್ಕು ತಿಂಗಳು ಹಿಡಿಯಿತು.

ಇಂಜಿನ್ ಪೂರ್ತಿ ಜಾಮ್ ಆಗಿತ್ತು. ಸಿಲಿಂಡರುಗಳಿಗೆ ಡೀಸೆಲ್ ಸುರಿದು ಮೂರು ವಾರ ನೆನೆಹಾಕಿದ ಮೇಲೆ ಮೊದಲ ಪಿಸ್ಟನ್ ಒಂದು ಕೂದಲೆಳೆಯಷ್ಟು ಅಲುಗಿತು. ಪಿಸ್ಟನ್ನು, ಲೈನರು, ಬೇರಿಂಗು ಎಲ್ಲ ಹೊಸದಾಗಿ ಕೂರಿಸಬೇಕಾಯಿತು. ಸಿಗದಿದ್ದ ಭಾಗಗಳನ್ನು ಬೊಮ್ಮನಹಳ್ಳಿಯ ಲೇತ್ ಅಂಗಡಿಯಲ್ಲಿ ಕೊರೆಸಿದೆ. ಕ್ಯಾಬಿನ್ನಿನ ಮರ ಗೆದ್ದಲು ತಿಂದು ಪುಡಿಯಾಗಿತ್ತು. ಜಯನಗರದಲ್ಲಿ ಕೆಡವುತ್ತಿದ್ದ ಒಂದು ಹಳೇ ಮನೆಯ ಬಾಗಿಲ ಚೌಕಟ್ಟುಗಳನ್ನು ತಂದು, ಬಡಗಿಯನ್ನು ಕರೆಸಿ, ಹೊಸ ಕ್ಯಾಬಿನ್ ಕಟ್ಟಿಸಿದೆ. ಅದು ಯಾವ ಬೀದಿಯ ಮನೆ ಎಂದು ಕೇಳಿದ ಡ್ರೈವರ್ ಯಜಮಾನರು, "ಆ ಸಾಲಿನ ಪಾಯಕ್ಕೆಲ್ಲ ನಾನೇ ಕಲ್ಲು ಹೊಡ್ದಿದ್ದು," ಅಂದರು. ಹೆಮ್ಮೆಯಿಂದೇನೂ ಅಲ್ಲ, ಸುಮ್ಮನೆ.

ಅವರು ವಾರಕ್ಕೆ ಮೂರು ದಿನ ಬರತೊಡಗಿದರು. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಹಾರ್ನು ಎಲ್ಲಿತ್ತು, ಕನ್ನಡಿಯ ಕಂಬಿ ಎಷ್ಟು ಬಾಗಿತ್ತು, ಎಲ್ಲ ನೆನಪಿತ್ತು. ಮಧ್ಯಾಹ್ನ ಚೀಲದಿಂದ ಡಬ್ಬಿ ತೆಗೆದು ನನಗೂ ಒಂದು ಪಾಲು ಕೊಡುತ್ತಿದ್ದರು. ನಾನು ಅಪ್ಪನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು. ಕೆಲಸ ಮಾಡುವಾಗ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರೆ ಹೇಗಿರುತ್ತದೆ ಎನ್ನುವುದು ಐವತ್ತು ದಾಟಿದ ಮೇಲೆ ಗೊತ್ತಾಯಿತು.

ಇಂಜಿನ್ ಮೊದಲು ಸ್ಟಾರ್ಟ್ ಆದ ದಿನ ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ನಾಲ್ಕು ಸಲ ಕೆಮ್ಮಿತು, ಐದನೇ ಸಲ ಹಿಡಿಯಿತು. ಕಪ್ಪು ಹೊಗೆಯಲ್ಲಿ ಇಬ್ಬರಿಗೂ ಏನೂ ಕಾಣಿಸಲಿಲ್ಲ. ಹೊಗೆ ಇಳಿದಾಗ ನೋಡುತ್ತೇನೆ, ಅವರು ಮಡ್‌ಗಾರ್ಡಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತಿದ್ದಾರೆ.

"ಮೂರನೇದು ಸ್ವಲ್ಪ ತಡವರಿಸ್ತಾ ಇದೆ, ನೋಡು."

ನೋಡಿದೆ. ಮೂರನೇ ಸಿಲಿಂಡರಿನ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು. ಸರಿ ಮಾಡಿ ಎದ್ದಾಗ ಅವರು ಮೊದಲ ಸಲ ತಮಗಾಗಿ ಒಂದು ಮಾತು ಕೇಳಿದರು.

"ಎಲ್ಲಾ ಆದ್ಮೇಲೆ ಒಂದ್ಸಲ ನಾನು ಓಡಿಸ್ಲೇನಪ್ಪಾ? ಲೈಸೆನ್ಸ್ ಮುಗ್ದು ಎಷ್ಟೋ ವರ್ಷ ಆಯ್ತು. ರೋಡಿಗೆ ಬೇಡ. ಈ ಬೀದೀಲೇ, ಅಲ್ಲಿಂದ ಇಲ್ಲಿಗೆ."

"ಏನ್ ಕೇಳ್ತೀರ ಯಜಮಾನ್ರೇ! ಫಸ್ಟು ಸ್ಟೇರಿಂಗ್ ಹಿಡಿಯೋದೇ ನೀವು. ನಾನು ಪಕ್ಕದಲ್ಲಿ ಕ್ಲೀನರ್ ಥರ ಕೂತ್ಕೋತೀನಿ," ಅಂದೆ. ಅವರು ನಕ್ಕರು. ಅವರ ನಗು ನೋಡಿದ್ದು ಅದೊಂದೇ ಸಲ ಅನ್ನಿಸುತ್ತದೆ.

ಬಣ್ಣದ ಕೆಲಸ ಉಳಿದಿತ್ತು. ಬಾಗಿಲ ಕೀಲಿನ ಸಂದಿಯಲ್ಲಿ ಬ್ಲೇಡಿನಿಂದ ಕೆರೆದರೆ ಕೆಂಪು, ಅದರ ಕೆಳಗೆ ನೀಲಿ, ಅದರ ಕೆಳಗೆ ಮೊದಲಿನ ಹಸಿರು. ಪೇಂಟರ್ ಮೂರು ಬಗೆಯ ಹಸಿರು ಬೆರೆಸಿ ತೋರಿಸಿದ. ಮೂರಕ್ಕೂ ಯಜಮಾನರು ಅಲ್ಲವೆಂದು ತಲೆಯಾಡಿಸಿಬಿಟ್ಟರು. ಮರುದಿನ ಚೀಲದಿಂದ ಒಂದು ಅವರೆಕಾಯಿ ತೆಗೆದು ಅವನ ಕೈಯಲ್ಲಿಟ್ಟರು. ಆ ಬಣ್ಣವೇ ಆಯಿತು. ಎಲ್ಲ ಮುಗಿದು ಲಾರಿ ಶೆಡ್ಡಿನಲ್ಲಿ ನಿಂತಾಗ ಬೀದಿಯವರೆಲ್ಲ ಬಂದು ಫೋಟೊ ತೆಗೆದುಕೊಂಡು ಹೋದರು. ನನ್ನ ಕೈಯಿಂದ ಅಂಥ ಕೆಲಸ ಹಿಂದೆ ಆಗಿರಲಿಲ್ಲ, ಇನ್ನು ಮುಂದೆ ಆಗುವುದೂ ಇಲ್ಲ.

ಭಾನುವಾರ ಬೆಳಗ್ಗೆ ಓಡಿಸುವುದು ಎಂದು ಮಾತಾಗಿತ್ತು. ಯಜಮಾನರು ಹೊಸ ಖಾಕಿ ಶರ್ಟು ಹೊಲಿಸಿದ್ದಾರೆ ಎಂದು ಅವರ ಮಗಳು ಫೋನಿನಲ್ಲಿ ಹೇಳಿದಳು. ಶುಕ್ರವಾರ ಮಾಲೀಕರು ಬಂದರು. ಲಾರಿಯನ್ನು ಸುತ್ತ ನೋಡಿ, "ಸಖತ್ ಮೇಸ್ತ್ರಿ, ಸಖತ್," ಎಂದು ನನ್ನ ಭುಜ ತಟ್ಟಿದರು. ಆಮೇಲೆ ಸಹಜವಾಗಿ ಹೇಳಿದರು, "ಬುಧವಾರದೊಳಗೆ ಇಂಜಿನ್ನು, ಗೇರ್‌ಬಾಕ್ಸು ಇಳಿಸಿಬಿಡಿ."

ನನಗೆ ಅರ್ಥವಾಗಲಿಲ್ಲ.

"ಹೊಸ ಬಿಲ್ಡಿಂಗಲ್ಲಿ ರೆಸ್ಟೋರೆಂಟ್ ಮಾಡ್ತಾ ಇದೀವಲ್ಲ, ಇದು ಅದರೊಳಗೆ ನಿಲ್ಲುತ್ತೆ. ಹಿಂದುಗಡೆ ಟೇಬಲ್ ಹಾಕ್ತೀವಿ. ಕೆಳಗಡೆ ಬೇಸ್‌ಮೆಂಟು. ಇಷ್ಟು ತೂಕ ಬೇಡ ಅಂತ ಇಂಜಿನಿಯರ್ ಹೇಳಿದ್ರು. ಆಯಿಲ್ ವಾಸನೇನೂ ಬರುತ್ತೆ."

"ಸಾರ್, ಇದು ಓಡುತ್ತೆ."

"ಓಡಿಸಿ ಏನ್ ಮಾಡೋಣ ಮೇಸ್ತ್ರಿ? ಇಷ್ಟು ಹಳೇ ಗಾಡಿಗೆ ಎಫ್‌ಸಿ, ಇನ್ಶೂರೆನ್ಸ್ ಅಂತ ಯಾರು ಓಡಾಡ್ತಾರೆ? ನೋಡೋಕೆ ಚೆನ್ನಾಗಿದೆ, ಅಷ್ಟು ಸಾಕು. ಒಂದು ಸ್ಕ್ರಾಚ್ ಆಗ್ದಂಗೆ ನೋಡ್ಕೊಳ್ಳಿ. ನನ್ನ ಫ್ರೆಂಡ್ ಹತ್ರ ಎರಡು ಹಳೇ ಜೀಪಿದೆ, ನಿಮ್ಮ ಹತ್ರಾನೇ ಕಳಿಸ್ತೀನಿ."

ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. ಲಾರಿ ಅವರದು. ಅವರು ನನ್ನನ್ನು ಗೌರವದಿಂದಲೇ ನಡೆಸಿಕೊಂಡರು. ಯಜಮಾನರ ಆಸೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ, ನಾನು ಹೇಳಲೂ ಇಲ್ಲ. ಹೇಳಿ ಅವರು ಬೇಡವೆಂದುಬಿಟ್ಟರೆ ಎಂದು ಹೆದರಿದೆ. ಸರಿ ಎಂದರೆ, ಆ ಮುದಿ ಕೈಗೆ ಸ್ಟೇರಿಂಗ್ ಕೊಟ್ಟು ಎಲ್ಲಾದರೂ ಉಜ್ಜಿದರೆ ಎಂದೂ ಹೆದರಿದೆ. ಆ ಎರಡು ಜೀಪುಗಳೂ ತಲೆಯಲ್ಲಿದ್ದವು.

ಶನಿವಾರ ಸಂಜೆ ಕತ್ರಿಗುಪ್ಪೆಗೆ ಫೋನ್ ಮಾಡಿದೆ. "ಯಜಮಾನ್ರೇ, ನಾಳೆ ಆಗಲ್ಲ. ಡೀಸೆಲ್ ಪಂಪು ಕೈ ಕೊಟ್ಟಿದೆ. ಸರಿಯಾದ್ಮೇಲೆ ನಾನೇ ಹೇಳ್ತೀನಿ."

"ಆಗ್ಲಪ್ಪಾ, ಅವಸರ ಇಲ್ಲ," ಅಂದರು.

ಭಾನುವಾರ, ಸೋಮವಾರ, ಮಂಗಳವಾರ. ಮೂರು ಬೆಳಗು ಲಾರಿ ಶೆಡ್ಡಿನಲ್ಲೇ ಇತ್ತು. ಟ್ಯಾಂಕಿನಲ್ಲಿ ಡೀಸೆಲ್ ಇತ್ತು, ಬ್ಯಾಟರಿ ಚಾರ್ಜ್ ಆಗಿತ್ತು, ಬೀದಿ ಖಾಲಿಯಿತ್ತು. ಕರೆದಿದ್ದರೆ ಮುಕ್ಕಾಲು ಗಂಟೆಯಲ್ಲಿ ಬಂದಿರುತ್ತಿದ್ದರು. ನಾನು ಕರೆಯಲಿಲ್ಲ. ಆ ಮೂರು ದಿನ ಏನು ಮಾಡುತ್ತಿದ್ದೆ ಎಂದು ಕೇಳಿದರೆ, ಬಣ್ಣದ ಮೇಲೆ ಕೂತ ಧೂಳು ಒರೆಸುತ್ತಿದ್ದೆ.

ಬುಧವಾರ ಬೋಲ್ಟುಗಳನ್ನು ಬಿಚ್ಚಿದೆ. ಒಂದೊಂದನ್ನೂ ನಾನೇ ಗ್ರೀಸ್ ಹಚ್ಚಿ ಬಿಗಿದಿದ್ದು, ಆದ್ದರಿಂದ ಸಲೀಸಾಗಿ ಬಂದವು. ಇಂಜಿನ್ನಿಗೆ ಸರಪಳಿ ಸುತ್ತಿ ಚೈನ್ ಪುಲ್ಲಿಯಲ್ಲಿ ಮೇಲಕ್ಕೆಳೆದೆ. ಅದು ಗಾಳಿಯಲ್ಲಿ ತೂಗುತ್ತಿರುವಾಗ ಬೆನ್ನ ಹಿಂದೆ ಕೆಮ್ಮಿದ ಸದ್ದಾಯಿತು. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಖಾಕಿ ಶರ್ಟು ಹಾಕಿಕೊಂಡಿದ್ದರು.

ಪಂಪಿಗಾಗಿ ಇಡೀ ಇಂಜಿನ್ ಇಳಿಸುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಹೇಗೋ ಎಲ್ಲ ಹೇಳಿದೆ, ರೆಸ್ಟೋರೆಂಟು, ಬೇಸ್‌ಮೆಂಟು, ತೂಕ. ತಲೆಯಾಡಿಸುತ್ತಾ ಕೇಳಿಸಿಕೊಂಡರು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಶುಕ್ರವಾರ."

ಕೂರಿ, ಟೀ ತರಿಸ್ತೀನಿ ಅಂದೆ. "ಬೇಡಪ್ಪಾ, ಬಸ್ಸು ಬರುತ್ತೆ," ಎಂದು ತಿರುಗಿ ಹೋದರು. ಬಯ್ದಿದ್ದರೆ, ಎರಡೇಟು ಹೊಡೆದಿದ್ದರೆ ನಾನು ಈಗ ಇಷ್ಟೊಂದು ಬರೆಯುತ್ತಿರಲಿಲ್ಲವೇನೋ.

ಆ ವಿಷಯವನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಒಂದೇ ಮಾತು ಅಂದಳು: "ಹೋಗಿ ಕಾಲು ಹಿಡ್ಕೊಳ್ಳಿ." ಹೋದೆ. ಮಗಳು ಬಾಗಿಲು ತೆರೆದು, ಅಪ್ಪ ಮಲಗಿದ್ದಾರೆ ಅಂದಳು. ಇನ್ನೊಂದು ವಾರ ಬಿಟ್ಟು ಹೋದೆ. ಅವಳು ತಲೆ ತಗ್ಗಿಸಿ, "ಅಣ್ಣ, ಬೇಜಾರ್ ಮಾಡ್ಕೋಬೇಡಿ, ಮನೇಲಿಲ್ಲ ಅಂತ ಹೇಳು ಅಂದ್ರು," ಎಂದಳು. ಒಳಗಿನಿಂದ ಟಿವಿಯ ಸದ್ದು ಬರುತ್ತಿತ್ತು.

ರೆಸ್ಟೋರೆಂಟಿನ ಓಪನಿಂಗಿಗೆ ಮಾಲೀಕರು ಕರೆದಿದ್ದರು. ಹೋದೆ. ದೀಪಗಳ ಬೆಳಕಿನಲ್ಲಿ ಲಾರಿಯ ಅವರೆಕಾಯಿ ಹಸಿರು ಬೇರೆಯೇ ಬಣ್ಣವಾಗಿ ಕಾಣುತ್ತಿತ್ತು. ಜನ ಸಾಲು ನಿಂತು ಡ್ರೈವರ್ ಸೀಟಿನಲ್ಲಿ ಕೂತು ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು. ಊಟ ಮಾಡದೆ ಬಂದುಬಿಟ್ಟೆ. ಜೀಪುಗಳು ಬರಲಿಲ್ಲ. ಇಂಜಿನ್ ಏನು ಮಾಡಲಿ ಎಂದು ಕೇಳಿದ್ದಕ್ಕೆ, ನೀವೇ ಇಟ್ಕೊಳ್ಳಿ ಅಂದಿದ್ದರು ಮಾಲೀಕರು. ಆರು ತಿಂಗಳು ಟಾರ್ಪಾಲು ಹೊದಿಸಿಟ್ಟಿದ್ದೆ. ಶೆಡ್ಡಿನ ಜಾಗವೂ ಮಾರಾಟವಾಗಿ ಖಾಲಿ ಮಾಡಬೇಕಾದಾಗ ಗುಜರಿಯವನು ಬಂದು ಎತ್ತಿಕೊಂಡು ಹೋದ. ಮತ್ತೆಲ್ಲೂ ಶೆಡ್ ಹುಡುಕುವ ಮನಸ್ಸಾಗಲಿಲ್ಲ.

ಕಳೆದ ತಿಂಗಳು ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಮೊದಲಿಗಿಂತ ಸಣ್ಣಗಾಗಿದ್ದರು, ಮಗಳ ತೋಳು ಹಿಡಿದು ನಿಧಾನವಾಗಿ ನಡೆದು ಬರುತ್ತಿದ್ದರು. ನನ್ನಿಂದ ಹತ್ತು ಹೆಜ್ಜೆ ದೂರ. ಮಾತಾಡಿಸಬೇಕು ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಅವರ ಮುಖ ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಕಂಬದ ಹಿಂದೆ ಸರಿದುಬಿಟ್ಟಿದ್ದೆ. ಬಸ್ಸು ಬಂತು. ಮೆಟ್ಟಿಲು ಹತ್ತಲು ಅವರಿಗೆ ತುಂಬಾ ಹೊತ್ತು ಹಿಡಿಯಿತು. ಕಂಡಕ್ಟರ್ ಕೈ ಕೊಟ್ಟು ಎತ್ತಿಕೊಂಡ.